ರೆಪ್ಪೆಯ ಮೇಲಿನ ಗೆರೆ

1974ರಲ್ಲಿ ನನ್ನನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದು ಗೊತ್ತಾದಾಗ ಅಕ್ಕ ನನ್ನನ್ನು ಬೆಂಗಳೂರು ದಂಡಿನ ಒಂದು ಬ್ಯೂಟಿ ಪಾರ್ಲರಿಗೆ ಕರೆದುಕೊಂಡು ಹೋದಳು. ಅದನ್ನು ನಡೆಸುತ್ತಿದ್ದವರು ಕಲ್ಕತ್ತೆಯಲ್ಲಿ ಹುಟ್ಟಿ ಬೆಳೆದ ಒಬ್ಬ ಚೀನೀ ಹೆಂಗಸು. ಆಗ ನಮ್ಮ ದೊಡ್ಡ ಊರುಗಳಲ್ಲಿ ಹಲ್ಲು ಕಟ್ಟುವವರು, ಬೂಟು ಹೊಲಿಯುವವರು, ಹುಬ್ಬು ತಿದ್ದುವವರು ಎಂದರೆ ಜನಕ್ಕೆ ಮೊದಲು ನೆನಪಾಗುತ್ತಿದ್ದುದೇ ಚೀನೀಯರು. ದೊಡ್ಡ ಕಣ್ಣಿನ ನಮ್ಮ ಹೆಂಗಸರೆಲ್ಲ ಸಣ್ಣ ಕಣ್ಣಿನವರ ಮುಂದೆ ತಲೆ ಹಿಂದಕ್ಕೆ ವಾಲಿಸಿ ಕುಳಿತು ಚೆಂದವಾಗಿ ಏಳುತ್ತಿದ್ದರು. ಇದರ ತಮಾಷೆ ಆಗ ನನಗೆ ಹೊಳೆದಿರಲಿಲ್ಲ.

ಆಕೆ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ನನ್ನ ಮುಖದ ಮೇಲೆ ಬಾಗಿದಾಗ ಒಂದು ವಿಚಿತ್ರ ಕಂಡಿತು. ಆಕೆಯ ಮೇಲ್ರೆಪ್ಪೆಯ ನಡುವೆ, ಕೂದಲಿನ ಅಂಚಿಗೆ ಸ್ವಲ್ಪ ಮೇಲೆ, ಪೆನ್ಸಿಲಿನಲ್ಲಿ ಎಳೆದ ಒಂದು ಸಣ್ಣ ಕಂದು ಗೆರೆ. ಕಾಡಿಗೆಯಾದರೆ ರೆಪ್ಪೆಯ ಅಂಚಿನಲ್ಲಿರಬೇಕು. ಇದು ಏನೂ ಇಲ್ಲದ ಜಾಗದಲ್ಲಿತ್ತು. ಕೈ ತಪ್ಪಿರಬೇಕೆಂದುಕೊಂಡೆ. ಆದರೆ ಎರಡೂ ಕಣ್ಣಿನಲ್ಲಿ ಅದೇ ಅಳತೆಯಲ್ಲಿತ್ತು. ಕೆಲಸ ಮುಗಿದ ಮೇಲೆ ಆಕೆ ನನ್ನ ಗಲ್ಲ ಹಿಡಿದು ಕನ್ನಡಿಯ ಕಡೆಗೆ ತಿರುಗಿಸಿ, "ನಿಮ್ದು ಕಣ್ಣು ನಮ್ಮೋರ ಥರಾನೇ ಇದೆ" ಎಂದರು. ಅಕ್ಕ ಬಸ್ಸಿನಲ್ಲಿ ಊರು ಮುಟ್ಟುವವರೆಗೂ ನಕ್ಕಳು. ಮನೆಯಲ್ಲಿ ನಾನು ಮೊದಲೇ 'ಸಣ್ಣಕಣ್ಣಿ'. ಅದಕ್ಕೀಗ ಅಧಿಕೃತ ಮುದ್ರೆ ಬಿದ್ದಂತಾಯಿತು. ಬಂದ ಗಂಡಿನ ಸೋದರತ್ತೆ ಉಪ್ಪಿಟ್ಟು ತಿಂದು, "ಹುಡುಗಿ ಲಕ್ಷಣವಾಗಿದಾಳೆ, ಕಣ್ಣು ಒಂಚೂರು ದೊಡ್ಡದಿದ್ದಿದ್ರೆ..." ಎಂದು ವಾಕ್ಯವನ್ನು ಅರ್ಧಕ್ಕೇ ಬಿಟ್ಟರು. ಸಂಬಂಧ ಕೂಡಿಬರಲಿಲ್ಲ. ಅದಕ್ಕೆ ಕಾರಣ ಜಾತಕವೆಂದು ನಮ್ಮ ತಂದೆ ಹೇಳಿದರು. ನಾನು ನಂಬಿದೆ, ಅಥವಾ ನಂಬಿದಂತೆ ಇದ್ದೆ.

ಇದನ್ನು ಈಗ ನೆನೆಯಲು ಕಾರಣವಿದೆ. 2004ರ ಡಿಸೆಂಬರಿನಲ್ಲಿ ಬೀಜಿಂಗಿನಲ್ಲಿ ಶಸ್ತ್ರಚಿಕಿತ್ಸೆಯಿಂದ ಚೆಲುವೆಯರಾದವರಿಗೆಂದೇ ಒಂದು ಸೌಂದರ್ಯ ಸ್ಪರ್ಧೆ ನಡೆಯಿತು. ಅದಕ್ಕೆ ಮುಂಚೆ ಅದೇ ವರ್ಷ ಹಾಗೆ ಚಿಕಿತ್ಸೆ ಮಾಡಿಸಿಕೊಂಡಿದ್ದ ಹುಡುಗಿಯೊಬ್ಬಳನ್ನು ಬೇರೊಂದು ಸ್ಪರ್ಧೆಯಿಂದ ಕೈಬಿಟ್ಟಿದ್ದರು. ಸುದ್ದಿ ಓದಿದ ಉತ್ಸಾಹದಲ್ಲಿ ನಾನೊಂದು ಲೇಖನ ಬರೆದೆ. ಚೀನದ ಹುಡುಗಿಯರು ಬಿಳಿಯರ ಕಣ್ಣು ಬೇಕೆಂದು ತಮ್ಮ ಕಣ್ಣು ಕುಯ್ಯಿಸಿಕೊಳ್ಳುತ್ತಿದ್ದಾರೆ, ವಸಾಹತುಶಾಹಿಯ ಗುಲಾಮಗಿರಿ ಈಗ ರೆಪ್ಪೆಯ ಚರ್ಮದವರೆಗೂ ಇಳಿದಿದೆ ಎಂದು ಷರಾ ಎಳೆದು ಮುಗಿಸಿದ್ದೆ. ಓದಿದವರು ಮೆಚ್ಚಿ ಕಾಗದ ಬರೆದರು. ಆ ಮೆಚ್ಚುಗೆಯೇ ಇಂದು ನನ್ನನ್ನು ಚುಚ್ಚುತ್ತದೆ. ಏಕೆಂದರೆ ನಾನು ಬರೆದದ್ದು ಪೂರ್ತಿ ಸುಳ್ಳಲ್ಲದಿದ್ದರೂ ನೋಡದೆ ಬರೆದದ್ದು. ಅನುವಾದಗಳಲ್ಲಿ ಸಿಕ್ಕಿದಷ್ಟು ಚೀನೀ ಸಾಹಿತ್ಯವನ್ನು, ಚಿತ್ರಗಳನ್ನು ಆಮೇಲೆ ನೋಡಿದೆ. ಈ ಬರಹ ಆ ಲೇಖನಕ್ಕೆ ತಿದ್ದುಪಡಿ ಎಂದರೂ ಸರಿ.

ಮೊದಲು ರೆಪ್ಪೆಯ ವಿಷಯ. ನಮ್ಮ ಕಣ್ಣು ತೆರೆದಾಗ ಮೇಲ್ರೆಪ್ಪೆಯಲ್ಲಿ ಒಂದು ಮಡಿಕೆ ಬೀಳುತ್ತದೆ. ರೆಪ್ಪೆಯನ್ನು ಎತ್ತುವ ಸ್ನಾಯುವಿನ ಎಳೆಗಳು ಚರ್ಮಕ್ಕೆ ಅಂಟಿರುವ ಜಾಗದಲ್ಲಿ ಅದು ಬೀಳುತ್ತದೆ. ಆ ಎಳೆಗಳು ತೀರ ಕೆಳಗೆ ಅಂಟಿದ್ದರೆ, ಅಥವಾ ಇಲ್ಲದಿದ್ದರೆ, ನಡುವೆ ಕೊಬ್ಬು ಇಳಿದು ರೆಪ್ಪೆ ನುಣ್ಣಗೆ ಒಂದೇ ಹಾಳೆಯಾಗಿರುತ್ತದೆ. ಚೀನೀಯರು ಮೊದಲನೆಯದನ್ನು 'ಶ್ವಾಂಗ್ ಯಾನ್ ಪೀ' ಅಂದರೆ ಜೋಡಿರೆಪ್ಪೆ ಎನ್ನುತ್ತಾರೆ. ಎರಡನೆಯದು 'ದಾನ್ ಯಾನ್ ಪೀ', ಒಂಟಿರೆಪ್ಪೆ. ನಾನು ತಿಳಿಯದೆ ಹೋದ ಸಂಗತಿ ಏನೆಂದರೆ, ಪೂರ್ವ ಏಷ್ಯಾದ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಜೋಡಿರೆಪ್ಪೆ ಹುಟ್ಟಿನಿಂದಲೇ ಇರುತ್ತದೆ. ಒಂದೇ ಮನೆಯಲ್ಲಿ ಅಕ್ಕನಿಗೆ ಇದ್ದು ತಂಗಿಗೆ ಇಲ್ಲದಿರಬಹುದು. ಒಂದು ಕಣ್ಣಿಗಿದ್ದು ಇನ್ನೊಂದಕ್ಕೆ ಇಲ್ಲದಿರುವುದೂ ಉಂಟು. ಈ ಮಡಿಕೆಯನ್ನು ಹೊಲಿಗೆ ಹಾಕಿ ಮೂಡಿಸಿದ ಮೊದಲ ವರದಿ 1896ರದು. ಬರೆದವನು ಮಿಕಾಮೊ ಎಂಬ ಜಪಾನೀ ವೈದ್ಯ. ಅವನ ಮುಂದಿದ್ದ ಹೆಂಗಸಿನ ಒಂದು ಕಣ್ಣಿನಲ್ಲಿ ಮಡಿಕೆ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಅವನು ನಕಲು ಮಾಡಬೇಕಾಗಿದ್ದುದು ಅವಳದೇ ಇನ್ನೊಂದು ಕಣ್ಣನ್ನು. ಯುರೋಪಿನಿಂದ ಕಣ್ಣು ಕಡ ತಂದರು ಎಂಬ ನನ್ನ ವಾದ ಇಲ್ಲಿಯೇ ಕುಂಟಿತು.

ಹಾಗಾದರೆ ಚೀನೀಯರು ತಮ್ಮ ಕಣ್ಣನ್ನು ತಾವೇ ಹೇಗೆ ಹೊಗಳಿಕೊಂಡರು? ಅವರ ಅತಿ ಪ್ರಾಚೀನ ಪದ್ಯಸಂಕಲನವಾದ 'ಶಿ ಜಿಂಗ್'ನಲ್ಲಿ ವೇ ರಾಜ್ಯಕ್ಕೆ ಮದುವೆಯಾಗಿ ಬರುವ ಒಬ್ಬ ರಾಜಕುಮಾರಿಯ ವರ್ಣನೆ ಇದೆ. ಕೈಗೆ, ಚರ್ಮಕ್ಕೆ, ಕುತ್ತಿಗೆಗೆ, ಹಲ್ಲಿಗೆ, ಹಣೆಗೆ, ಹುಬ್ಬಿಗೆ ಒಂದೊಂದಕ್ಕೂ ಒಂದೊಂದು ಹೋಲಿಕೆ, ನಮ್ಮ ನಖಶಿಖಾಂತ ವರ್ಣನೆಯ ಹಾಗೆಯೇ. ಹೋಲಿಕೆಗಳಲ್ಲಿ ಹುಳುವೂ ಜೀರುಂಡೆಯೂ ಇರುವುದರಿಂದ ನಮ್ಮವರಿಗೆ ಮೈ ಜುಮ್ಮೆನ್ನಬಹುದು. ಹುಬ್ಬಿಗೆ ಪತಂಗದ ಮೀಸೆ; ರಾಮನಗರದಲ್ಲಿ ರೇಷ್ಮೆ ಗೂಡಿನಿಂದ ಹೊರಬಂದ ಪತಂಗವನ್ನು ನೋಡಿದವರಿಗೆ ಆ ಬಾಗು ತಕ್ಷಣ ಅರ್ಥವಾಗುತ್ತದೆ. ಆದರೆ ಕಣ್ಣಿನ ಸರದಿ ಬಂದಾಗ ಕವಿ ಹೋಲಿಕೆಯನ್ನೇ ಕೈಬಿಡುತ್ತಾನೆ. ಕಣ್ಣು ದೊಡ್ಡದೇ ಸಣ್ಣದೇ, ಮೀನಿನಂತಿದೆಯೇ ಎಲೆಯಂತಿದೆಯೇ, ಏನೂ ಹೇಳುವುದಿಲ್ಲ. ಅದು ಹೊರಳುವ ಚೆಂದ, ಕಪ್ಪು ಬಿಳುಪು ನಿಚ್ಚಳವಾಗಿರುವ ಚೆಂದ, ಇಷ್ಟೇ. ಉಳಿದ ಅಂಗಗಳಿಗೆಲ್ಲ ಆಕಾರವಿದೆ. ಕಣ್ಣಿಗೆ ಮಾತ್ರ ಚಲನೆ. ಈ ಪದ್ಯದ ಬಗ್ಗೆ ಶಿಷ್ಯನೊಬ್ಬ ಕನ್‌ಫ್ಯೂಷಿಯಸ್‌ನನ್ನೇ ಪ್ರಶ್ನೆ ಕೇಳಿದ್ದಾನೆಂದರೆ ಅದಕ್ಕಿದ್ದ ಮನ್ನಣೆ ಎಷ್ಟೆಂದು ಊಹಿಸಬಹುದು.

ನಾವು ಹೆಣ್ಣುಮಕ್ಕಳಿಗೆ ಮೀನಾಕ್ಷಿ, ವಿಶಾಲಾಕ್ಷಿ, ಕಮಲಾಕ್ಷಿ ಎಂದು ಹೆಸರಿಡುವವರು. ನಮಗೆ ಕಣ್ಣಿನ ಆಕಾರವೇ ಹೆಸರು. ಆ ಅಭ್ಯಾಸದಿಂದ ಚೀನೀ ಪದ್ಯವನ್ನು ಓದಿದರೆ ಏನೋ ಬಿಟ್ಟುಹೋಗಿದೆ ಎನ್ನಿಸುತ್ತದೆ. ಬಿಟ್ಟುಹೋದದ್ದಲ್ಲ, ಬಿಟ್ಟದ್ದು. ನಾಲ್ಕನೆಯ ಶತಮಾನದ ಚಿತ್ರಕಾರ ಗು ಕೈಝೀ ಮನುಷ್ಯರ ಚಿತ್ರ ಬರೆದು ಕಣ್ಣುಪಾಪೆಯನ್ನು ಮಾತ್ರ ಕೆಲವು ಸಲ ವರ್ಷಗಟ್ಟಲೆ ಇಡುತ್ತಿರಲಿಲ್ಲವಂತೆ. ಕೈಕಾಲು ಚೆನ್ನಾಗಿದ್ದರೂ ಕೆಟ್ಟರೂ ನಡೆಯುತ್ತದೆ, ಜೀವ ದಾಟುವುದು ಈ ಬಿಂದುವಿನಲ್ಲಿ ಎಂದು ಅವನ ಅಭಿಪ್ರಾಯ. ಆರನೆಯ ಶತಮಾನದ ಝಾಂಗ್ ಸೆಂಗ್‌ಯೌ ಗುಡಿಯ ಗೋಡೆಯ ಮೇಲೆ ಬರೆದ ಡ್ರ್ಯಾಗನ್‌ಗಳಿಗೆ ಕಣ್ಣಿಟ್ಟೊಡನೆ ಅವು ಗೋಡೆ ಬಿಟ್ಟು ಹಾರಿದ ಕಥೆ ಇಂದಿಗೂ ಚೀನೀ ಭಾಷೆಯಲ್ಲಿ ಗಾದೆಯಾಗಿ ಉಳಿದಿದೆ. ನಮ್ಮ ವಿಗ್ರಹಗಳ ನೇತ್ರೋನ್ಮೀಲನ ಬಲ್ಲವರಿಗೆ ಇದು ಅಪರಿಚಿತವೇನಲ್ಲ. ಚೀನದ ಬೌದ್ಧ ಗುಡಿಗಳಲ್ಲಿಯೂ ಬುದ್ಧನ ಮೂರ್ತಿಗೆ ಕಣ್ಣು ತೆರೆಸುವ ವಿಧಿ ಇದೆ. ಕಣ್ಣೆಂದರೆ ನೋಡುವ ಅಂಗ, ನೋಡಿಸಿಕೊಳ್ಳುವ ಅಂಗವಲ್ಲ ಎಂಬ ನಂಬಿಕೆ ಇದರ ಹಿಂದಿದೆ.

ತಾಂಗ್ ಕಾಲದ ಝೌ ಫಾಂಗ್‌ನದೆಂದು ಹೇಳುವ ಒಂದು ರೇಷ್ಮೆ ಚಿತ್ರಪಟವಿದೆ, ಮುಡಿಯಲ್ಲಿ ದೊಡ್ಡ ದೊಡ್ಡ ಹೂ ಮುಡಿದ ಅರಮನೆಯ ಹೆಂಗಸರದು. ಈಗ ಶೆನ್‌ಯಾಂಗ್‌ನ ಮ್ಯೂಸಿಯಂನಲ್ಲಿದೆ. ಅದರ ಅಚ್ಚು ಪ್ರತಿಯನ್ನು ನಾನು ಎಷ್ಟೋ ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ತುಂಬಿದ ಕೆನ್ನೆ, ಹಣೆಯ ಮೇಲೆ ಎರಡು ಪತಂಗ ಕುಳಿತಂತೆ ಗಿಡ್ಡನೆಯ ದಪ್ಪ ಹುಬ್ಬು. ಕಣ್ಣು ಮಾತ್ರ ಒಂದೇ ಎಳೆ. ಆದರೆ ಆ ಎಳೆಯೇ ನಾಯಿಮರಿಯನ್ನೂ, ಹಿಡಿದ ಚಿಟ್ಟೆಯನ್ನೂ ಎಷ್ಟು ಸೋಮಾರಿಯಾಗಿ, ಎಷ್ಟು ಖಚಿತವಾಗಿ ನೋಡುತ್ತದೆಂದರೆ ಕಣ್ಣು ಇದಕ್ಕಿಂತ ದೊಡ್ಡದಾಗಿದ್ದರೆ ಚಿತ್ರ ಕೆಡುತ್ತಿತ್ತು. 'ಸಣ್ಣಕಣ್ಣಿ'ಯಾದ ನನ್ನ ಪಕ್ಷಪಾತ ಇದರಲ್ಲಿ ಸೇರಿದೆ ಎಂದು ಓದುಗರು ಹೇಳಿದರೆ ಒಪ್ಪುತ್ತೇನೆ.

ಆಕಾರದ ಮಾತೇ ಇಲ್ಲವೆಂದಲ್ಲ. ಫೀನಿಕ್ಸ್ ಕಣ್ಣು, ಬಾದಾಮಿಯಂತಹ ಏಪ್ರಿಕಾಟ್ ಕಣ್ಣು, ಪೀಚ್ ಹೂವಿನ ಕಣ್ಣು ಎಂದು ಅವರ ಪಟ್ಟಿ ಉದ್ದವಾಗಿದೆ. ಹೊರತುದಿ ಮೇಲೆದ್ದ ಉದ್ದನೆಯ ಫೀನಿಕ್ಸ್ ಕಣ್ಣು ಹೆಂಗಸರ ಸ್ವತ್ತಷ್ಟೇ ಅಲ್ಲ. 'ಮೂರು ರಾಜ್ಯಗಳ' ಕಥೆಯ ಮಹಾವೀರ ಗ್ವಾನ್ ಯುವಿನದೂ ಅದೇ ಕಣ್ಣು. ಈ ಪಟ್ಟಿಯನ್ನು ಒಬ್ಬ ದೊಡ್ಡ ಬರಹಗಾರ ಹೇಗೆ ಬಳಸುತ್ತಾನೆಂಬುದನ್ನು ತ್ಸಾವ್ ಶ್ವೆಚಿನ್‌ನ 'ಕೆಂಪು ಮಹಲಿನ ಕನಸು' ಕಾದಂಬರಿಯಲ್ಲಿ ನೋಡಬೇಕು. ಹದಿನೆಂಟನೆಯ ಶತಮಾನದ ಕೃತಿ. ಮನೆಯ ಯಜಮಾನಿಕೆಯನ್ನೆಲ್ಲ ಬೆರಳಿನಲ್ಲಿ ಆಡಿಸುವ ವಾಂಗ್ ಶೀಫೆಂಗ್‌ಗೆ ಅವನು ಕೊಟ್ಟದ್ದು ಫೀನಿಕ್ಸ್ ಕಣ್ಣು, ಆದರೆ ಅದನ್ನು ಮುಕ್ಕೋನವಾಗಿ ಕೊಂಚ ಹರಿತ ಮಾಡಿ. ಎಲ್ಲರಿಗೂ ಬೇಕಾದ, ಸಮಾಧಾನದ ಬಾವ್‌ಚಾಯ್‌ಗೆ ದುಂಡನೆಯ ಏಪ್ರಿಕಾಟ್ ಕಣ್ಣು. ಕಥೆಯ ಜೀವವಾದ, ಸದಾ ಕೆಮ್ಮುವ, ಸದಾ ಮುನಿಯುವ ದಾಯ್‌ಯುವಿನ ಕಣ್ಣಿಗೆ ಬಂದಾಗ ಮಾತ್ರ ಪಟ್ಟಿಯಿಂದ ಒಂದೂ ಹೊಂದಲಿಲ್ಲ. ಅಲ್ಲಿ ಹಸ್ತಪ್ರತಿಗಳೆಲ್ಲ ಜಗಳವಾಡುತ್ತವೆ. ಒಂದರಲ್ಲಿ ಅಳುವಂತಿದ್ದೂ ಅಳದ ಕಣ್ಣು, ಇನ್ನೊಂದರಲ್ಲಿ ಸಂತೋಷದಂತಿದ್ದೂ ಸಂತೋಷವಲ್ಲದ ಕಣ್ಣು. ಒಂದು ಹಳೆಯ ಪ್ರತಿಯಲ್ಲಿ ಕೆಲವು ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳೇ ಇವೆ. ಪಾಠಾಂತರಗಳಲ್ಲಿ ತಲೆ ಕೆಡಿಸಿಕೊಂಡ ನಮ್ಮ ಹಳಗನ್ನಡದ ಪಂಡಿತರಿಗೆ ಈ ಚೌಕಗಳನ್ನು ತೋರಿಸಬೇಕೆಂದು ನನಗೆ ಆಸೆ. ನಾಯಕಿಯ ಕಣ್ಣು ದೊಡ್ಡದೋ ಚಿಕ್ಕದೋ ಎಂಬುದು ಯಾವ ಪಾಠದಲ್ಲಿಯೂ ತಿಳಿಯುವುದಿಲ್ಲ, ಅದರಿಂದ ಕಾದಂಬರಿಗೆ ಏನೂ ನಷ್ಟವಾಗಿಲ್ಲ.

ಇಲ್ಲಿಂದ ಆ ಪೆನ್ಸಿಲ್ ಗೆರೆಗೆ ಹೇಗೆ ಬಂದರು? ನನಗೆ ತೋರುವ ಮಟ್ಟಿಗೆ ನಡುವೆ ಬಂದದ್ದು ಕ್ಯಾಮೆರಾ ಮತ್ತು ಜಾಹೀರಾತು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಶಾಂಘೈನ ಕಂಪನಿಗಳು ಸಿಗರೇಟು, ಸಾಬೂನು, ಔಷಧಿ ಮಾರಲು ಕ್ಯಾಲೆಂಡರುಗಳನ್ನು ಹಂಚುತ್ತಿದ್ದವು. ಝೆಂಗ್ ಮಾನ್‌ತುವೊ, ಹಾಂಗ್ ಝಿಯಿಂಗ್ ಮೊದಲಾದವರು ಇದ್ದಿಲ ಪುಡಿ ಉಜ್ಜಿ, ಮೇಲೆ ನೀರುಬಣ್ಣ ಹಚ್ಚಿ ಫೋಟೋದಂತೆಯೇ ಮುಖ ಮೂಡಿಸುತ್ತಿದ್ದರು. ನಮ್ಮಲ್ಲಿ ರವಿವರ್ಮನ ಅಚ್ಚುಗಳಿಂದ ಲಕ್ಷ್ಮಿ ಸರಸ್ವತಿಯರಿಗೆ ಒಂದು ಮುಖ ನಿಗದಿಯಾದಂತೆ ಅಲ್ಲಿಯೂ ಚೆಲುವೆಗೆ ಒಂದು ಮುಖ ನಿಗದಿಯಾಯಿತು. ಒಂದೇ ಎಳೆಯ ಕಣ್ಣನ್ನು ಉಜ್ಜಿ ನೆರಳು ಕೊಡಲು ಬಾರದು. ನೆರಳು ಬೇಕೆಂದರೆ ಮಡಿಕೆ ಬೇಕು. ಸಿನಿಮಾ ಬಂದು ಮುಖವನ್ನು ಪರದೆಯಗಲ ಹಿಗ್ಗಿಸಿದ ಮೇಲೆ ಕೇಳಬೇಕೇ. ಸಾವಿರಾರು ವರ್ಷ ಚಲನೆಯಿಂದ ಬದುಕಿದ ಕಣ್ಣು ನಿಂತ ಚಿತ್ರದಲ್ಲಿ ಆಕಾರದಿಂದ ಬದುಕಬೇಕಾಯಿತು.

ಅದೇ ಕಾಲಕ್ಕೆ ಹೊರಗಿನವರು ಬೇರೊಂದು ಚಿತ್ರ ಬರೆಯುತ್ತಿದ್ದರು. ಸ್ಯಾಕ್ಸ್ ರೋಮರ್ 1912ರಲ್ಲಿ ಫು ಮಾಂಚು ಎಂಬ ಚೀನೀ ಖಳನನ್ನು ಸೃಷ್ಟಿಸಿದ; ಸಿನಿಮಾದಲ್ಲಿ ಬೋರಿಸ್ ಕಾರ್ಲಾಫ್‌ನಂತಹ ಬಿಳಿಯ ನಟರು ಬಣ್ಣ ಬಳಿದು, ಕಣ್ಣಿನ ತುದಿಯನ್ನು ಮೇಲಕ್ಕೆ ಓರೆಯಾಗಿಸಿಕೊಂಡು ಅವನಾದರು. ಖಳನಿಗೆ ಮಾತ್ರವಲ್ಲ. ಪರ್ಲ್ ಬಕ್‌ಳ 'ದಿ ಗುಡ್ ಅರ್ತ್' 1937ರಲ್ಲಿ ಸಿನಿಮಾ ಆದಾಗ ಆ ಸಹನೆಯ ರೈತ ಹೆಂಗಸಿನ ಪಾತ್ರ ಮಾಡಿದ್ದು ಲೂಯಿಸ್ ರೈನರ್ ಎಂಬ ಬಿಳಿಯ ನಟಿ. ಆಸ್ಕರ್ ಕೂಡ ಬಂತು. ಹಾಲಿವುಡ್ಡಿನಲ್ಲೇ ಹೆಸರಾಗಿದ್ದ ಚೀನೀ ಮೂಲದ ಆನಾ ಮೇ ವಾಂಗ್‌ಗೆ ಆ ಪಾತ್ರ ಸಿಗಲಿಲ್ಲ. ಚೀನೀ ಕಣ್ಣು ಬೇಕು, ಅದರ ಹಿಂದಿನ ಚೀನೀ ಮನುಷ್ಯರು ಬೇಡ. ಬೇರೆಯವರನ್ನೇಕೆ ಅನ್ನಬೇಕು? 1962ರ ಯುದ್ಧದ ಕಾಲದಲ್ಲಿ ನಾನು ಸ್ಲೇಟಿನ ಮೇಲೆ ಚೀನೀಯರನ್ನು ಬರೆಯುತ್ತಿದ್ದೆ: ಒಂದು ಸೊನ್ನೆ, ಅದರೊಳಗೆ ಎರಡು ಓರೆಗೆರೆ. ಹತ್ತು ವರ್ಷದ ಹುಡುಗಿಗೆ ಅದನ್ನು ಯಾರು ಕಲಿಸಿದರೋ. ಶಾಲೆಯಲ್ಲಿ ಎಲ್ಲರೂ ಹಾಗೆಯೇ ಬರೆಯುತ್ತಿದ್ದರು.

ಇಂದು ಚೀನದಲ್ಲಿ ಜೋಡಿರೆಪ್ಪೆಯ ಶಸ್ತ್ರಚಿಕಿತ್ಸೆ ಹಲ್ಲಿಗೆ ತಂತಿ ಕಟ್ಟಿಸಿಕೊಂಡಷ್ಟು ಸಾಮಾನ್ಯ. ಜೂನ್ ತಿಂಗಳಲ್ಲಿ ಕಾಲೇಜು ಪ್ರವೇಶದ ದೊಡ್ಡ ಪರೀಕ್ಷೆ ಮುಗಿದೊಡನೆ ಹುಡುಗಿಯರು, ಕೆಲವು ಹುಡುಗರೂ, ಆಸ್ಪತ್ರೆಗಳಲ್ಲಿ ಸರದಿ ನಿಲ್ಲುತ್ತಾರೆ. ಎಷ್ಟೋ ಸಲ ತಾಯಿಯೇ ಹಣ ಕಟ್ಟಿ ಕರೆತರುತ್ತಾಳೆ. ಕುಯ್ಯದೆ ದಾರ ಹೂತು ಮಡಿಕೆ ಮೂಡಿಸುವುದು ಒಂದು ಬಗೆ, ಕುಯ್ದು ಹೊಲಿಯುವುದು ಇನ್ನೊಂದು. ಅಷ್ಟು ಧೈರ್ಯವಿಲ್ಲದವರಿಗೆ ಬೆಳಿಗ್ಗೆ ಅಂಟಿಸಿ ರಾತ್ರಿ ಕಿತ್ತುಹಾಕುವ ಸಣ್ಣ ಪಟ್ಟಿಗಳಿವೆ. ಕೆಲಸದ ಅರ್ಜಿಗೆ ಫೋಟೋ ಅಂಟಿಸುವ ರೂಢಿ ಇರುವ ದೇಶದಲ್ಲಿ ಇದನ್ನು ಬರಿಯ ಶೋಕಿ ಎನ್ನಲಾಗದು. ಆದರೆ ಅವರು ಕೇಳುವುದು ನಾನು ಅಂದುಕೊಂಡಿದ್ದ ಬಿಳಿಯರ ಕಣ್ಣನ್ನಲ್ಲ. ಅವರಿಗೆ ಬೇಕಾದ ಮಡಿಕೆ ಕೆಲವೇ ಮಿಲಿಮೀಟರಿನದು, ಪಕ್ಕದ ಮನೆಯ ಹುಡುಗಿಗೆ ಹುಟ್ಟಿನಿಂದ ಬಂದಿರುವಂತಹದು. 'ಮಾಡಿಸಿದ್ದು' ಎಂದು ಗೊತ್ತಾಗಬಾರದು. ಜೊತೆಗೆ ಕೆಳರೆಪ್ಪೆಯ ಕೆಳಗೆ ನಕ್ಕಾಗ ಉಬ್ಬುವ ಸಣ್ಣ ದಿಂಡೂ ಅವರಿಗೆ ಚೆಂದ, ಅದಕ್ಕೆ 'ಮಲಗಿದ ರೇಷ್ಮೆಹುಳು' ಎನ್ನುತ್ತಾರೆ. ನಾವು ಕಣ್ಣಿನ ಕೆಳಗಿನ ಉಬ್ಬನ್ನು ನಿದ್ದೆಗೆಟ್ಟ ಗುರುತೆಂದು ಮರೆಮಾಡುವವರು. ಇದು ಯಾವ ಬಿಳಿಯರ ಮಾದರಿ?

ಹಾಗೆಂದು ಇದರಲ್ಲಿ ನೋವಿಲ್ಲವೆನ್ನುತ್ತಿಲ್ಲ. ನೋವು ಎಲ್ಲಿದೆ ಎಂದು ನಾನು ಕಂಡುಕೊಂಡದ್ದು 2021ರ ಕೊನೆಯ ಗಲಾಟೆಯಲ್ಲಿ. ಆ ನವೆಂಬರಿನಲ್ಲಿ ಶಾಂಘೈನಲ್ಲಿ ಡಿಯೋರ್ ಕಂಪನಿಯ ಪ್ರದರ್ಶನಕ್ಕಿಟ್ಟ ಒಂದು ಫೋಟೋ, ತೆಗೆದವಳು ಚೆನ್ ಮಾನ್ ಎಂಬ ಚೀನದವಳೇ. ಹಳೆಯ ಕಾಲದ ಉಡುಪು, ಮಂಕು ಮುಖ, ಕಿರಿದಾದ ಕಣ್ಣು. ಪಶ್ಚಿಮದವರನ್ನು ಮೆಚ್ಚಿಸಲು ನಮ್ಮನ್ನು ವಿಕಾರ ಮಾಡಿದ್ದಾಳೆ ಎಂದು ಜನ ಸಿಡಿದರು. ಫೋಟೋ ತೆಗೆದರು, ಆಕೆ ಕ್ಷಮೆ ಕೇಳಿದಳು. ಮರುತಿಂಗಳು 'ತ್ರೀ ಸ್ಕ್ವಿರಲ್ಸ್' ಎಂಬ ಕುರುಕಲು ತಿಂಡಿ ಕಂಪನಿಯ 2019ರ ಒಂದು ಜಾಹೀರಾತನ್ನು ಯಾರೋ ಹುಡುಕಿ ತೆಗೆದರು. ಅದರಲ್ಲೂ ಕಿರಿದು ಕಣ್ಣಿನ ಹುಡುಗಿ. ಕಂಪನಿ ಕ್ಷಮೆ ಕೇಳಿ ಜಾಹೀರಾತನ್ನು ಹಿಂತೆಗೆಯಿತು. ಆದರೆ ಆ ಹುಡುಗಿ ಸುಮ್ಮನಿರಲಿಲ್ಲ. ನನ್ನ ಕಣ್ಣು ಹುಟ್ಟಿನಿಂದಲೇ ಹೀಗೆ, ಅಪ್ಪ ಅಮ್ಮ ಕೊಟ್ಟದ್ದು. ಕಣ್ಣು ಸಣ್ಣದಿದ್ದ ಮಾತ್ರಕ್ಕೆ ನಾನು ಚೀನದವಳಾಗಲು ಯೋಗ್ಯಳಲ್ಲವೇ ಎಂದು ಅವಳು ಕೇಳಿದಳು.

ಈ ಪ್ರಶ್ನೆಯ ಮುಂದೆ ನನ್ನ ಹಳೆಯ ಲೇಖನವೂ ನಿಲ್ಲುವುದಿಲ್ಲ, ಆ ಕೋಪಿಷ್ಠ ದೇಶಭಕ್ತರ ವಾದವೂ ನಿಲ್ಲುವುದಿಲ್ಲ. ಅವರ ಕೋಪಕ್ಕೆ ಕಾರಣವಿತ್ತು. ಫು ಮಾಂಚುವಿನ ಕಣ್ಣನ್ನು ಅವರು ಮರೆಯಬೇಕೆಂದು ಹೇಳಲು ನಾನು ಯಾರು? 2000ದಲ್ಲಿ ಲ್ಯು ಯಾನ್ ಎಂಬ ಜಿಯಾಂಗ್‌ಶಿ ಪ್ರಾಂತದ ಹುಡುಗಿ ಪ್ಯಾರಿಸ್ಸಿನ ಮಾಡೆಲ್‌ಗಳ ಸ್ಪರ್ಧೆಯಲ್ಲಿ ಎರಡನೆಯವಳಾಗಿ ಬಂದಾಗ, ಇಂಥ ಕುರೂಪಿಯನ್ನು ಬಿಳಿಯರು ಹೇಗೆ ಆರಿಸಿದರು ಎಂದು ಊರವರೇ ಆಡಿಕೊಂಡಿದ್ದರು. ಅವಳದು ಸಣ್ಣ ಕಣ್ಣು, ಮುಖದಲ್ಲಿ ಮಚ್ಚೆ. ಪ್ಯಾರಿಸ್ಸಿಗೆ ಅವಳ ಕಣ್ಣು 'ನಿಜವಾದ ಚೀನ'. ಊರಿನವರಿಗೆ ಅದೇ ಕಣ್ಣು ಚೀನಕ್ಕೆ ಅಪಮಾನ. ಇಬ್ಬರೂ ನೋಡಿದ್ದು ಒಂದು ಲಾಂಛನವನ್ನು. ಸಣ್ಣ ಕಣ್ಣೇ ಅಪ್ಪಟ ಚೀನೀ, ಕುಯ್ಯಿಸಿಕೊಂಡವಳು ದ್ರೋಹಿ ಎಂದು ನಾನು ಬರೆದಾಗ ನಾನೂ ಪ್ಯಾರಿಸ್ಸಿನ ಕುರ್ಚಿಯಲ್ಲೇ ಕುಳಿತಿದ್ದೆ.

ಚಿತ್ರಕ್ಕೂ ಮುಖಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಇಲ್ಲಿ ಬಿಟ್ಟುಕೊಡಬಾರದು. 2022ರ ಮೇ ತಿಂಗಳಲ್ಲಿ ಚೀನದ ಪ್ರಾಥಮಿಕ ಶಾಲೆಯ ಗಣಿತ ಪುಸ್ತಕಗಳ ಚಿತ್ರಗಳ ಮೇಲೆ ದೂರು ಬಂತು. ಮಕ್ಕಳ ಕಣ್ಣು ದೂರ ದೂರಕ್ಕೆ ಸರಿದು, ಜೋಲು ಬಿದ್ದು, ಮುಖಗಳು ಪೆದ್ದುಪೆದ್ದಾಗಿದ್ದವು. ಬೇರೆ ಅಸಭ್ಯತೆಗಳ ಆರೋಪವೂ ಇತ್ತು. ಶಿಕ್ಷಣ ಸಚಿವಾಲಯ ವಿಚಾರಣೆ ನಡೆಸಿ ಆಗಸ್ಟಿನಲ್ಲಿ 27 ಮಂದಿಯ ಮೇಲೆ ಕ್ರಮ ಕೈಗೊಂಡಿತು. ಶಿಕ್ಷೆ ಹೆಚ್ಚಾಯಿತೆಂದು ನನಗೆ ಅನ್ನಿಸಿದರೂ ದೂರು ಸರಿಯಾದದ್ದೇ. ಆ ಚಿತ್ರಗಳನ್ನು ನೋಡಿದ್ದೇನೆ. ಅವುಗಳಲ್ಲಿ ಕಣ್ಣು ಸಣ್ಣದೆಂಬುದು ತಪ್ಪಲ್ಲ, ಆ ಕಣ್ಣು ಏನನ್ನೂ ನೋಡುತ್ತಿಲ್ಲ ಎಂಬುದು ತಪ್ಪು. ಝೌ ಫಾಂಗ್‌ನ ಹೆಂಗಸರ ಕಣ್ಣು ಇದಕ್ಕಿಂತ ಕಿರಿದು, ಆದರೂ ಅವು ನೋಡುತ್ತವೆ. ಕೆಟ್ಟ ಚಿತ್ರವನ್ನು ಕೆಟ್ಟದೆನ್ನಲು ಚಿತ್ರಕಾರನ ಕೈಯನ್ನು ನೋಡಿದರೆ ಸಾಕು, ಯಾರದೋ ಮಗಳ ರೆಪ್ಪೆಯನ್ನು ಅಳೆಯಬೇಕಾಗಿಲ್ಲ.

ನಮ್ಮೂರಿನ ಮಾತನ್ನೂ ಒಂದು ಸೇರಿಸಿಬಿಡುತ್ತೇನೆ. 2012ರ ಆಗಸ್ಟಿನಲ್ಲಿ ಸುಳ್ಳು ಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಹುಡುಗ ಹುಡುಗಿಯರು ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ಅವರು ಚೀನೀಯರಲ್ಲ, ಭಾರತೀಯರು. ಆದರೆ ಬೀದಿಯಲ್ಲಿ ಅವರನ್ನು ಕರೆಯುತ್ತಿದ್ದ ಹೆಸರು ಕಣ್ಣನ್ನು ನೋಡಿ ಇಟ್ಟದ್ದು, ನಾನು ಸ್ಲೇಟಿನ ಮೇಲೆ ಬರೆಯುತ್ತಿದ್ದೆನಲ್ಲ, ಆ ಓರೆಗೆರೆಯಿಂದಲೇ ಹುಟ್ಟಿದ್ದು. ನಾನಿದ್ದ ಬೀದಿಯಿಂದಲೂ ಇಬ್ಬರು ಹೋದರು. ಒಬ್ಬಳು ನನಗೆ ಬಾಗಿಲ ಬೀಗದಕೈ ಕೊಟ್ಟು, "ಆಂಟಿ, ಗಿಡಕ್ಕೆ ನೀರು ಹಾಕಿ" ಎಂದಳು. ಮೂರು ವಾರಕ್ಕೆ ತಿರುಗಿ ಬಂದಳು. ಇನ್ನೊಬ್ಬಳು ಬರಲಿಲ್ಲ.

ದಂಡಿನ ಆ ಪಾರ್ಲರ್ ಮುಚ್ಚಿ ಬಹಳ ವರ್ಷವಾಯಿತು. ಆಕೆಯ ಮಕ್ಕಳು ಕೆನಡಾಕ್ಕೆ ಹೋದರೆಂದು ಅಕ್ಕ ಎಲ್ಲಿಯೋ ಕೇಳಿ ಬಂದು ಹೇಳಿದಳು. "ನಿಮ್ದು ಕಣ್ಣು ನಮ್ಮೋರ ಥರ" ಎಂದು ಆಕೆ ಹೇಳಿದ್ದು ಹೊಗಳಿಕೆಯಾಗಿಯೋ ಸಮಾಧಾನವಾಗಿಯೋ ಎಂದು ಈಗಲೂ ಯೋಚಿಸುತ್ತೇನೆ. ಆ ಪೆನ್ಸಿಲ್ ಗೆರೆಯನ್ನು ಆಕೆ ದಿನವೂ ಬೆಳಿಗ್ಗೆ ಎದ್ದು ತನಗಾಗಿ ಎಳೆದುಕೊಳ್ಳುತ್ತಿದ್ದಳೋ, ಬರುವ ನಮ್ಮಂಥ ಗಿರಾಕಿಗಳಿಗಾಗಿಯೋ? ಅಕ್ಕನನ್ನು ಕೇಳಿದರೆ, "ಯಾವ ಗೆರೆ? ನಾನು ನೋಡಲೇ ಇಲ್ಲವಲ್ಲ" ಎನ್ನುತ್ತಾಳೆ. ಅವಳದು ದೊಡ್ಡ ಕಣ್ಣು.